ಬೀದಿಯಲ್ಲಿರುವ ಮಗಳು

ಮಾರ್ಚ್ 3, ಸೋಮವಾರ

ಇವತ್ತಿನಿಂದ ಊರೆಲ್ಲ ನನ್ನದೇ ದನಿ. ನಮ್ಮ ಸಮುದಾಯ ಸೇವೆಗಳ ಸಹಾಯವಾಣಿಯ ವ್ಯಾನು ಬೆಳಿಗ್ಗೆ ಕಚೇರಿಯ ಗೇಟು ದಾಟಿತು. ಅದರ ನೆತ್ತಿಯ ಮೇಲೆ ಎರಡು ಧ್ವನಿವರ್ಧಕ, ಒಳಗೆ ನಾನು ಹೋದ ವಾರ ಸ್ಟೋರ್ ರೂಮಿನಲ್ಲಿ ತಲೆತುಂಬ ಕಂಬಳಿ ಹೊದ್ದು ರೆಕಾರ್ಡ್ ಮಾಡಿದ ಪ್ರಕಟಣೆ. ಕಂಬಳಿ ಹೊದೆಯದಿದ್ದರೆ ಆ ಖಾಲಿ ಕೋಣೆಯಲ್ಲಿ ದನಿ ಗೋಡೆಗೆ ಬಡಿದು ವಾಪಸು ಬರುತ್ತದೆ.

"ನಮಸ್ಕಾರ. ನೀವು ಒಬ್ಬರೇ ಇದ್ದೀರಾ? ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರಾ? ಊಟಕ್ಕೆ ತೊಂದರೆಯೇ? ಯಾರ ಹತ್ತಿರ ಹೇಳಿಕೊಳ್ಳಲಿ ಅನಿಸುತ್ತಿದೆಯೇ? ನಮಗೆ ಹೇಳಿ. ನಾವು ಕೇಳುತ್ತೇವೆ." ಆಮೇಲೆ ನಾಲ್ಕು ಅಂಕಿಯ ನಂಬರು, ಮಗ್ಗಿ ಹೇಳುವ ರಾಗದಲ್ಲಿ ಎರಡು ಸಲ. ರಾಗ ನನ್ನದೇ ಉಪಾಯ. ಹಾಡಿದ್ದು ಮರೆಯುವುದಿಲ್ಲ.

ನನ್ನ ದನಿಯಲ್ಲಿ ಕರುಣೆ ಇದೆ ಎಂದರು ಕಚೇರಿಯ ಮೇಡಂ. ಕರುಣೆಯಲ್ಲ, ಕಂಬಳಿಯ ಸೆಕೆ. ಆದರೂ ಹೊಗಳಿಕೆ ಯಾರಿಗೆ ಬೇಡ!

ಆಮೇಲೆ ಸ್ಟಿಕ್ಕರ್ ಕಟ್ಟು ಹಿಡಿದು ಒಂದು ಹಳೆಯ ವಠಾರ ಹತ್ತಿ ಇಳಿದೆ. ಮೊದಲ ಮನೆಯಾಕೆ, "ನಮಗೇನು ಬಂದಿದೆ? ಪಕ್ಕದ ಮನೇಲಿ ಕೊಡಿ, ಅವರಿಗೆ ಬೇಕಾಗುತ್ತೆ" ಎಂದರು. ಪಕ್ಕದವರು ಅದರ ಪಕ್ಕದ ಮನೆ ತೋರಿಸಿದರು. ಹೀಗೇ ವಠಾರವೆಲ್ಲ ಸುತ್ತಿ, ಕೊನೆಯ ಮನೆಯವರು ಪಿಸುಗುಟ್ಟುತ್ತ ಬೆರಳು ಮಾಡಿದ್ದು ಆ ಮೊದಲ ಮನೆಯ ಕಡೆಗೆ. ನಗು ಬಂತು. ಈ ಜನಕ್ಕೆ ಏನು ಹೇಳುವುದು?

ಮಧ್ಯಾಹ್ನ ಹೂಂ ಅಕ್ಕನ ಜೊತೆ ಚಹಾ. ಸಹಾಯವಾಣಿಗೆ ಬರುವ ಫೋನುಗಳನ್ನು ತೆಗೆದುಕೊಳ್ಳುವವರು ಅವರು. ಎದುರಿನವರು ಎಷ್ಟು ಹೊತ್ತು ಮಾತಾಡಿದರೂ ನಡುವೆ ಬಾಯಿ ಹಾಕದೆ ಹೂಂ, ಹೂಂ ಎನ್ನುತ್ತಾರೆ. ಅದಕ್ಕೇ ಆ ಹೆಸರು. "ಜನಕ್ಕೆ ನಂಬರ್ ಗೊತ್ತಾಗೋ ಹಾಗೆ ಮಾಡೇ ಮಾರಾಯ್ತಿ. ಫೋನ್ ಬರದೆ ನನ್ನ ಹೂಂಗೆ ತುಕ್ಕು ಹಿಡೀತಿದೆ" ಎಂದರು.

ಮಾರ್ಚ್ 5, ಬುಧವಾರ

ಅಮ್ಮನಿಗೆ ಮರೆವಿನ ಕಾಯಿಲೆ ಶುರುವಾಗಿ ವರ್ಷವಾಯಿತು. ವಾರ ಮರೆಯುತ್ತಾಳೆ, ಉಂಡದ್ದು ಮರೆಯುತ್ತಾಳೆ, ಅಪ್ಪ ತೀರಿಕೊಂಡದ್ದನ್ನು ಮರೆತು ಬಾಗಿಲು ನೋಡುತ್ತ ಕೂರುತ್ತಾಳೆ. ನನ್ನನ್ನು ಮಾತ್ರ ಮರೆತಿರಲಿಲ್ಲ. ಅದೊಂದು ಜಂಬ ನನಗಿತ್ತು.

ಇವತ್ತು ಸಂಜೆ ಕಿಟಕಿಯ ಹತ್ತಿರ ಕೂರಿಸಿ ಅವಳ ತಲೆ ಬಾಚುತ್ತಿದ್ದೆ. ವ್ಯಾನು ನಮ್ಮ ಬೀದಿಗೆ ತಿರುಗಿತು.

"ನೀವು ಒಬ್ಬರೇ ಇದ್ದೀರಾ?" ಎಂದು ಕೇಳಿತು.

"ಹೂಂ ಕಣೇ, ಒಬ್ಬಳೇ ಇದ್ದೀನಿ" ಎಂದಳು ಅಮ್ಮ, ಕಿಟಕಿಯ ಆಚೆ ನೋಡುತ್ತ. ಅವಳ ಕೂದಲು ನನ್ನ ಕೈಯಲ್ಲಿತ್ತು.

"ಅಮ್ಮಾ, ಅದು ನಾನೇ. ನನ್ನ ದನೀನೇ ಅದು" ಎಂದೆ. ಅವಳು ತಿರುಗಿ ನನ್ನನ್ನು ನೋಡಿದಳು. ಮೀಟರ್ ಓದಲು ಬಂದವರನ್ನು ನೋಡುವ ಹಾಗೆ, ಕೋಪವಿಲ್ಲದೆ, ಗುರುತಿಲ್ಲದೆ. "ಯಾರಮ್ಮಾ ನೀನು? ಯಾರು ಒಳಗೆ ಬಿಟ್ಟರು ನಿನ್ನ?"

ನಕ್ಕುಬಿಟ್ಟೆ. ಜಡೆ ಮುಗಿಸಿ, ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದೆ.

ಮಾರ್ಚ್ 8, ಶನಿವಾರ

ಮೂರು ದಿನದಿಂದ ಅದೇ. ವ್ಯಾನು ಬಂದಾಗ ಅಮ್ಮನ ಮುಖ ಅರಳುತ್ತದೆ. ಹೋದ ಮೇಲೆ ಅವಳು ನನ್ನನ್ನು ಅನುಮಾನದಿಂದ ನೋಡುತ್ತಾಳೆ. ಮಾತಾಡದೆ ಕೆಲಸ ಮಾಡಿದರೆ ಸುಮ್ಮನಿರುತ್ತಾಳೆ. ಬಾಯಿ ತೆರೆದರೆ ಬೆಚ್ಚುತ್ತಾಳೆ.

ಇವತ್ತು ಮಧ್ಯಾಹ್ನ ಊಟ ಮಾಡಿಸುವಾಗ "ಇನ್ನೊಂದು ತುತ್ತು ಅಮ್ಮಾ" ಎಂದೆ, ಅಷ್ಟೇ. ತಟ್ಟೆ ಪಕ್ಕಕ್ಕೆ ತಳ್ಳಿ ನನ್ನ ಕುತ್ತಿಗೆಗೆ ಕೈ ಹಾಕಿದಳು. ಹಿಸುಕಲಿಲ್ಲ. ಗಂಟಲ ಮೇಲೆ ಬೆರಳಿಟ್ಟು, ಒಳಗೇನೋ ಅಡಗಿಸಿಟ್ಟಿದ್ದೇನೆ ಎನ್ನುವ ಹಾಗೆ ಮೆಲ್ಲಗೆ ಒತ್ತಿ ಒತ್ತಿ ಹುಡುಕಿದಳು.

"ಇದು ನನ್ನ ಮಗಳ ದನಿ. ನಿನಗೆ ಹೇಗೆ ಬಂತು? ಅವಳಿಗೆ ವಾಪಸ್ ಕೊಡು."

"ಅಮ್ಮಾ, ನಾನೇ..."

"ಮತ್ತೆ ಮಾತಾಡ್ತಾಳೆ ನೋಡು! ಕಳ್ಳಿ! ಪಾಪ, ಮನೆಗೆ ಬರೋಕಾಗದೆ ಬೀದಿ ಬೀದಿ ಅಲೀತಿದ್ದಾಳೆ ನನ್ನ ಕೂಸು."

ಹಸಿದೇ ಮಲಗಿದಳು. ನನಗೂ ಊಟ ಸೇರಲಿಲ್ಲ. ಅವಳ ಬೆರಳು ಎಷ್ಟು ತಣ್ಣಗಿದ್ದವು ಎನ್ನುವುದೇ ನೆನಪಿಗೆ ಬರುತ್ತಿದೆ.

ಮಾರ್ಚ್ 9, ಭಾನುವಾರ

ತಮ್ಮನ ಫೋನು. ಭಾನುವಾರ ಅಮ್ಮನ ಜೊತೆ ಮಾತಾಡಲೆಂದೇ ಅವಳಿಗೊಂದು ಗುಂಡಿ ಒತ್ತುವ ಹಳೆಯ ಮೊಬೈಲು ಕೊಡಿಸಿದ್ದಾನೆ. ಇವತ್ತು ನಾನೇ ಎತ್ತಿದೆ. "ಅಮ್ಮನಾ, ಅಕ್ಕನಾ?" ಎಂದು ಎಂದಿನಂತೆ ಕೇಳಿದ. ಫೋನಿನಲ್ಲಿ ನಮ್ಮಿಬ್ಬರ ದನಿ ಅವನಿಗೆ ಇವತ್ತಿಗೂ ಬೇರೆಬೇರೆ ಅನಿಸುವುದಿಲ್ಲ.

ಗಂಟಲ ವಿಷಯ ಹೇಳಿದೆ. ಅವನು ನಕ್ಕ. ನಗುವಂತೆಯೇ ಹೇಳಿದ್ದೆ, ಅವನದೇನೂ ತಪ್ಪಿಲ್ಲ. "ಮನೆಗೆ ಮಾರಿ, ಊರಿಗೆ ಉಪಕಾರಿ ಅಂದ್ರೆ ನೀನೇ ನೋಡು. ಊರವರಿಗೆಲ್ಲ ಫೋನ್ ಮಾಡಿ ಅಂತೀಯ. ನೀನೂ ಒಂದು ಮಾಡು" ಎಂದ.

"ನನಗೇನಾಗಿದೆ?" ಎಂದೆ.

"ಏನಿಲ್ಲ ಬಿಡು. ನೀನಿದ್ದೀಯಲ್ಲ ಅಕ್ಕಾ, ಅದಕ್ಕೇ ನಾನು ನಿಶ್ಚಿಂತೆ."

ಮಾರ್ಚ್ 12, ಬುಧವಾರ

ಅಮ್ಮ ಕಳೆದುಹೋಗಿದ್ದಳು.

ನಾನು ಕೆಲಸದಲ್ಲಿರುವಾಗ ಎದುರುಮನೆಯ ಟೈಲರಮ್ಮ ಅವಳನ್ನು ನೋಡಿಕೊಳ್ಳುತ್ತಾರೆ. ಹೊಲಿಗೆ ಮಷೀನು ಬಾಗಿಲ ಹತ್ತಿರವೇ ಇರುವುದರಿಂದ ನಮ್ಮ ಮನೆ ಕಾಣುತ್ತದೆ. ಇವತ್ತು ಸಂಜೆ ನಾನು ಬರುವ ಮೊದಲು ಅಳತೆ ಕೊಡಲು ಯಾರೋ ಬಂದಿದ್ದರಂತೆ. ಅಷ್ಟರಲ್ಲಿ ವ್ಯಾನು ಬಂದಿದೆ, ಹೋಗಿದೆ. ಅಮ್ಮನೂ ಹೋಗಿದ್ದಾಳೆ.

ಕರೆತಂದದ್ದು ವ್ಯಾನಿನ ಡ್ರೈವರಣ್ಣ. ಕಚೇರಿಯಲ್ಲಿ ಎಲ್ಲರ ಕಾಲೆಳೆಯುವ ಮನುಷ್ಯ ಇವತ್ತು ಜೋಲುಮೋರೆ ಹಾಕಿಕೊಂಡಿದ್ದ. "ಮೇಡಂ, ಕನ್ನಡೀಲಿ ನೋಡ್ತೀನಿ, ಈ ಬೀದಿಯಿಂದಲೇ ಒಂದು ಮುದುಕಿ ಹಿಂದೇನೇ ಬರ್ತಿದೆ. ಬರಿಗಾಲು. ನಾನು ನಿಲ್ಲಿಸಿದ್ರೆ ನಿಲ್ಲುತ್ತೆ. ಹೊರಟ್ರೆ ಹೊರಡುತ್ತೆ. ಮೈಕ್ ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತೆ. ಪೇಟೆ ದಾಟಿ, ಸೇತುವೆ ದಾಟಿ ಬಂದುಬಿಟ್ಟಿತ್ತು. ನನಗೆ ಒಂಥರಾ ಆಗಿ ಮೈಕ್ ಆಫ್ ಮಾಡಿದೆ. ಮಾಡಿದ್ದೇ ತಡ, ಮುದುಕಿ ರಸ್ತೆ ನಡುವೆ ಕೂತು ಅಳೋಕೆ ಶುರು ಮಾಡ್ತು. ಕೊನೆಗೆ ಮೈಕ್ ಸಣ್ಣಗೆ ಹಾಕಿ, ಮುಂದಿನ ಸೀಟಲ್ಲಿ ಕೂರಿಸಿಕೊಂಡು ಬಂದೆ."

ಹಾಗೇ ಬಂದಿದ್ದಳು, ಡ್ರೈವರಣ್ಣನ ಪಕ್ಕ ಕೂತು, ನೆತ್ತಿಯ ಮೇಲೆ ನನ್ನ ದನಿ ಹೊತ್ತು. ನಾನು ಬಾಗಿಲಲ್ಲಿ ನಿಂತು ಕೈ ಚಾಚಿದರೆ ಇಳಿಯಲಿಲ್ಲ.

ಟೈಲರಮ್ಮ ಅತ್ತರು. ಅವರ ಮೇಲೆ ಕೂಗಾಡಿದೆ. ಆಡಬಾರದ ಮಾತು ಆಡಿದೆ. ನಾಳೆಯಿಂದ ಹೊರಗಿನಿಂದ ಬೀಗ. ಕೀಲಿ ಒಂದು ನನ್ನ ಹತ್ತಿರ, ಒಂದು ಅವರ ಹತ್ತಿರ. ಬೇರೆ ದಾರಿ ಯಾವುದಿದೆ?

ಮಾರ್ಚ್ 13, ಗುರುವಾರ

ಬೀಗ ಹಾಕಿದೆ. ಮೆಟ್ಟಿಲಿಳಿಯುವಾಗ ಒಳಗಿನಿಂದ ಬಾಗಿಲು ತಟ್ಟುವ ಸದ್ದು. ಜೋರಾಗಿ ಅಲ್ಲ. ಅತಿಥಿಗಳು ತಟ್ಟುವ ಹಾಗೆ, ಮರ್ಯಾದೆಯಿಂದ.

ಮಾರ್ಚ್ 15, ಶನಿವಾರ

ಉಪಾಯ ಹೊಳೆದಿದೆ! ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಅಮ್ಮ ಬೆಳಿಗ್ಗೆಯಿಂದ ಒಂದು ಹನಿ ನೀರು ಮುಟ್ಟಿರಲಿಲ್ಲ. ನಾನು ಹಾಸಿಗೆಯ ಮೇಲೆ ಕಂಬಳಿ ಹೊದ್ದು ಕೂತು ನನ್ನ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದೆ. ಅದೇ ದನಿ, ಅದೇ ನಿಧಾನ. "ಅಮ್ಮಾ, ನಾನು. ಊಟ ಮಾಡಮ್ಮಾ. ಆ ಹೆಂಗಸು ಕೊಡ್ತಾಳಲ್ಲ, ಅದು ನಾನೇ ಕಳಿಸಿದ್ದು." ಅವಳ ಕೋಣೆಯ ಬಾಗಿಲ ಹಿಂದೆ ನಿಂತು ಹಾಕಿದೆ. ಕಂಬಳಿಯಿಂದ ಹೊರಬಂದ ನನ್ನ ಮುಖವೆಲ್ಲ ಬೆವೆತಿತ್ತು.

ಅಮ್ಮ ತಲೆಯೆತ್ತಿದಳು. "ಆಯ್ತು ಮಗಳೇ" ಎಂದಳು. ತಟ್ಟೆ ತಂದಿಟ್ಟೆ. ಒಂದಗುಳೂ ಬಿಡದೆ ಉಂಡಳು. ನಡುವೆ ನನ್ನನ್ನು ನೋಡಿ, "ಅವಳೇ ಕಳಿಸಿದ್ದಂತೆ ನಿನ್ನ" ಎಂದು ಮರ್ಯಾದೆಯಿಂದ ತಲೆಯಾಡಿಸಿದಳು.

ಹೊಸ ಕೆಲಸದವಳನ್ನು ಒಪ್ಪಿಕೊಂಡ ಹಾಗೆ. ಇರಲಿ. ಉಂಡಳಲ್ಲ, ಅಷ್ಟು ಸಾಕು.

ಮಾರ್ಚ್ 18, ಮಂಗಳವಾರ

ಪುಟ್ಟದೊಂದು ಸ್ಪೀಕರು ತಂದು ಅಮ್ಮನ ಕೋಣೆಯ ಶೆಲ್ಫಿನಲ್ಲಿ, ಬಟ್ಟೆಗಳ ಮರೆಗೆ ಇಟ್ಟಿದ್ದೇನೆ. ಹೊತ್ತಿಗೆ ಸರಿಯಾಗಿ ತಾನೇ ಮಾತಾಡುವ ಹಾಗೆ ಡ್ರೈವರಣ್ಣ ಹೊಂದಿಸಿಕೊಟ್ಟ. ಎದ್ದೇಳು, ಹಲ್ಲುಜ್ಜು, ಮಾತ್ರೆ ತಗೋ, ಊಟ ಮಾಡು, ಚಹಾ ಕುಡಿ, ಮಲಗು. ಎಲ್ಲಕ್ಕೂ ಒಂದೊಂದು ಮಾತು. ಪ್ರತಿಯೊಂದನ್ನೂ ಅಳದ ದನಿ, ದಣಿಯದ ದನಿ ಬರುವವರೆಗೆ ಮತ್ತೆ ಮತ್ತೆ ರೆಕಾರ್ಡ್ ಮಾಡಿದೆ.

ಕೆಲಸ ಎಷ್ಟು ಸುಲಭವಾಯಿತೆಂದರೆ, ಮೊದಲೇ ಯಾಕೆ ಹೊಳೆಯಲಿಲ್ಲವೋ. ಅವಳು ಹೇಳುತ್ತಾಳೆ, ಅಮ್ಮ ಕೇಳುತ್ತಾಳೆ, ನಾನು ಮಾಡುತ್ತೇನೆ. ನಾನು ಬಾಯಿ ತೆರೆಯುವ ಅಗತ್ಯವೇ ಇಲ್ಲ. ತೆರೆಯಲೂಬಾರದು. ಒಂದೇ ಮನೆಯಲ್ಲಿ ಒಂದೇ ದನಿ ಎರಡು ಕಡೆಯಿಂದ ಬಂದರೆ ಅಮ್ಮ ಹೆದರುತ್ತಾಳೆ.

ಮೇಲೆ ಸ್ಪೀಕರಿನ ದನಿಯನ್ನು "ಅವಳು" ಎಂದು ಬರೆದಿದ್ದೇನೆ. ನಗು ಬಂತು. ಹೊಡೆದುಹಾಕಲಿಲ್ಲ.

ಮಾರ್ಚ್ 21, ಶುಕ್ರವಾರ

ಎಲ್ಲ ಸರಿಯಾಗಿದೆ. ಅಮ್ಮನ ಮುಖದಲ್ಲಿ ಸ್ವಲ್ಪ ಕಳೆ ಬಂದಿದೆ. ಬಚ್ಚಲಿನ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತದೆ, ನನ್ನ ಸ್ನಾನಕ್ಕೆ ಬಹಳ ಹೊತ್ತಾಗುತ್ತಿದೆ.

ಮಾರ್ಚ್ 25, ಮಂಗಳವಾರ

ಟೈಲರಮ್ಮ ನನ್ನ ಜೊತೆ ಮೊದಲಿನಂತೆ ಮಾತಾಡುವುದಿಲ್ಲ. ಕೀಲಿ ತೆಗೆದು ಊಟ ಕೊಟ್ಟು ಹೋಗುತ್ತಾರೆ, ಅಷ್ಟೇ. ಇವತ್ತು ಮೆಟ್ಟಿಲಲ್ಲಿ ತಡೆದು ನಿಲ್ಲಿಸಿದರು.

"ಬೆಳಿಗ್ಗೆ ನೀನು ಕೆಲಸಕ್ಕೆ ಹೋಗಿದ್ಯಾ?"

ಹೂಂ ಎನ್ನುವ ಹಾಗೆ ತಲೆಯಾಡಿಸಿದೆ. ಈಚೆಗೆ ಹೊರಗೂ ಇದೇ ಅಭ್ಯಾಸವಾಗಿದೆ.

"ಮತ್ತೆ ಕಿಟಕೀಲಿ ಮಾತಾಡ್ತಿದ್ದವಳು ಯಾರು? ನಿನ್ನ ದನೀನೇ. 'ನಮಸ್ಕಾರ. ನೀವು ಒಬ್ಬರೇ ಇದ್ದೀರಾ?' ಅಂತ."

"ವ್ಯಾನು ಇರಬೇಕು" ಎಂದೆ.

"ವ್ಯಾನು ಬರೋದು ಸಂಜೆ. ನನಗೆ ಅಷ್ಟೂ ಗೊತ್ತಾಗಲ್ವಾ? ಮಾತಾಡುತ್ತೆ, ಸುಮ್ಮನಾಗುತ್ತೆ. ಯಾರೋ ಹೇಳಿದ್ದನ್ನ ಕೇಳಿಸಿಕೊಂಡ ಹಾಗೆ. ಮತ್ತೆ ಮಾತಾಡುತ್ತೆ." ಅವರು ನನ್ನ ಮುಖವನ್ನೇ ನೋಡಿದರು. "ನೀನು ಊಟ ಮಾಡ್ತಿದ್ದೀಯ ತಾನೆ?"

ಸ್ಪೀಕರಿನಲ್ಲಿ ಆ ಪ್ರಕಟಣೆ ಹಾಕಿಯೇ ಇಲ್ಲ. ನೋಡಿದೆ. ಮತ್ತೊಮ್ಮೆ ನೋಡಿದೆ. ಇಲ್ಲ.

ಮಾರ್ಚ್ 27, ಗುರುವಾರ

ಬಟ್ಟೆ ಕಾರ್ಖಾನೆಯ ಗೇಟಿನಲ್ಲಿ, ಪಾಳಿ ಬದಲಾಗುವ ಹೊತ್ತಿಗೆ ಸಹಾಯವಾಣಿಯ ಬಗ್ಗೆ ಹೇಳಬೇಕಿತ್ತು. ನೂರಾರು ಹೆಂಗಸರು. ನನಗಿದು ಹೊಸದಲ್ಲ, ನಿದ್ದೆಯಲ್ಲಿ ಎಬ್ಬಿಸಿದರೂ ಹೇಳಬಲ್ಲೆ. ಇದು ಪೊಲೀಸ್ ಅಲ್ಲ, ಫೋನ್ ಮಾಡಿದರೆ ಯಾರ ಹೆಸರೂ ಹೊರಗೆ ಹೋಗುವುದಿಲ್ಲ, ಬಡವರಿಗೆ ಮಾತ್ರ ಅಂತಲೂ ಇಲ್ಲ, ಮುದುಕರ ಆರೈಕೆ, ಊಟ, ಔಷಧಿ, ಆಸರೆ, ಸುಮ್ಮನೆ ಮಾತಾಡಲು ಜನ ಬೇಕಾದರೂ ಸರಿ.

ಮೈಕ್ ಹಿಡಿದು ಬಾಯಿ ತೆರೆದೆ. ದನಿ ಬರಲಿಲ್ಲ.

ನೆಗಡಿಯಲ್ಲ, ನೋವಿಲ್ಲ. ಬರಲಿಲ್ಲ, ಅಷ್ಟೇ. ಮುಂದಿನ ಸಾಲಿನಲ್ಲಿದ್ದ ಒಬ್ಬಳು ನನ್ನ ಬಾಯಿಯನ್ನೇ ನೋಡುತ್ತ ತನ್ನ ತುಟಿಯನ್ನೂ ಹಾಗೇ ತೆರೆದಳು. ಡ್ರೈವರಣ್ಣ ಓಡಿಹೋಗಿ ವ್ಯಾನಿನ ರೆಕಾರ್ಡು ಹಾಕಿದ. ನಾನು ಗಾಳಿಯಲ್ಲಿ ಬಾಯಿ ಆಡಿಸುತ್ತ ನಿಂತೆ, ಅದು ನನಗಾಗಿ ಮಾತಾಡಿತು. ಅದು ಎಷ್ಟು ಚೆನ್ನಾಗಿ ಮಾತಾಡುತ್ತದೆ! ಹೆಂಗಸರು ಮುಂದೆ ಬಂದು ಸ್ಟಿಕ್ಕರ್ ಕೇಳಿ ತೆಗೆದುಕೊಂಡರು. ಒಬ್ಬಳು ಅದನ್ನು ರವಿಕೆಯೊಳಗೆ ಇಟ್ಟುಕೊಂಡಳು.

ಮೇಡಂಗೆ ಖುಷಿಯಾಯಿತು. ಇನ್ನು ಎಲ್ಲ ಕಡೆಯೂ ರೆಕಾರ್ಡೇ ಸಾಕು, ನಾನು ಜೊತೆಗೆ ನಿಂತರೆ ಆಯಿತು ಎಂದರು.

ಮಾರ್ಚ್ 30, ಭಾನುವಾರ

ತಮ್ಮ ಫೋನ್ ಮಾಡಿದಾಗ ಅಮ್ಮ ತಾನೇ ಎತ್ತಿದಳು. ನಾನು ಬಾಗಿಲ ಹೊರಗೆ ಬಟ್ಟೆ ಮಡಿಸುತ್ತಿದ್ದೆ.

"ಅಕ್ಕ ಚೆನ್ನಾಗಿದ್ದಾಳೆ ಕಣೋ. ದಿನಾ ಬರ್ತಾಳೆ. ಎಷ್ಟು ಪ್ರೀತಿಯಿಂದ ಮಾತಾಡ್ತಾಳೆ ಅಂತೀಯ! ಒಂದು ದಿನ ಬೇಜಾರು ಮಾಡ್ಕೊಂಡೋಳಲ್ಲ." ಆಮೇಲೆ ದನಿ ತಗ್ಗಿಸಿದಳು. "ಆದರೆ ಮನೇಲಿ ಇನ್ನೊಬ್ಬಳಿದ್ದಾಳೆ. ಇಲ್ಲ, ನಿನಗೆ ಗೊತ್ತಿಲ್ಲ. ಗೋಡೆ ಹಿಡ್ಕೊಂಡು ಓಡಾಡ್ತಾಳೆ. ಮಾತಿಲ್ಲ ಕತೆಯಿಲ್ಲ."

ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸಿದೆ. ನನಗೆ ಆ ಸ್ಪೀಕರಿನವಳ ಮೇಲೆ ಹೊಟ್ಟೆಕಿಚ್ಚು. ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ. ಅವಳಿಗೆ ಸೊಂಟ ನೋಯುವುದಿಲ್ಲ, ಹಾಸಿಗೆ ಒದ್ದೆಯಾದರೆ ಒಗೆಯುವ ಕೆಲಸವಿಲ್ಲ. ಚಹಾ ಕುಡಿ ಎಂದು ಹೇಳಿ ಸುಮ್ಮನಾಗುತ್ತಾಳೆ. ಮಗಳೆನಿಸಿಕೊಳ್ಳುವುದು ಅವಳು.

ಏಪ್ರಿಲ್ 2, ಬುಧವಾರ

ಇದನ್ನು ಯಾರ ಮುಂದೆ ಹೇಳಿದರೂ ತಲೆ ಕೆಟ್ಟಿದೆ ಎಂದಾರು. ಆದ್ದರಿಂದ ಬರೆದಿಡುತ್ತೇನೆ.

ಬೆಳಿಗ್ಗೆ ಕಚೇರಿಗೆ ಹೊರಟವಳು ಸ್ಟಿಕ್ಕರ್ ಕಟ್ಟು ಮರೆತಿದ್ದೆನೆಂದು ಅರ್ಧ ದಾರಿಯಿಂದ ವಾಪಸು ಬಂದೆ. ಸದ್ದಿಲ್ಲದೆ ಬೀಗ ತೆಗೆದೆ. ಅಮ್ಮನ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗೆ ನಾನು ಮಾತಾಡುತ್ತಿದ್ದೆ.

ಮೊದಲು ಪ್ರಕಟಣೆ, ಅದೇ ರಾಗ, ಅದೇ ನಿಧಾನ. "ನಮಸ್ಕಾರ. ನೀವು ಒಬ್ಬರೇ ಇದ್ದೀರಾ?" ಆಮೇಲೆ ಮೌನ. ಆಮೇಲೆ ಅದೇ ದನಿಯಲ್ಲಿ: "ಹೌದು. ಇವತ್ತೂ. ಇನ್ನೂ ಯಾರೂ ಬಂದಿಲ್ಲ. ಬೇಗ ಬನ್ನಿ, ಅವಳು ಹೀಗೇ ಇದ್ದರೆ ಉಳಿಯಲ್ಲ."

ನಾನು ಎಂದೂ ಆಡದ ಮಾತು, ನನ್ನದೇ ದನಿ. ಬಾಗಿಲು ತಳ್ಳಿದೆ. ಅಮ್ಮ ಹಾಸಿಗೆಯ ಮೇಲೆ ದಿಂಬನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಎರಡೂ ಕೈಯಿಟ್ಟು ಕೂತಿದ್ದಳು. ಕೋಣೆಯಲ್ಲಿ ಬೇರೆ ಯಾರೂ ಇಲ್ಲ. ಶೆಲ್ಫಿನ ಸ್ಪೀಕರು ಆರಿತ್ತು, ಅದರ ವೈರನ್ನು ನಾನೇ ಬೆಳಿಗ್ಗೆ ಮೊಬೈಲ್ ಚಾರ್ಜಿಗೆಂದು ಕಿತ್ತಿದ್ದೆ.

ಅಮ್ಮ ನನ್ನನ್ನು ನೋಡಿದಳು. ಹೆದರಿದ ನೋಟವಲ್ಲ. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವರನ್ನು ನೋಡುವ ನೋಟ.

ಯಾರು ಉಳಿಯುವುದಿಲ್ಲ? ಕಚೇರಿಗೆ ಹೋಗಲಿಲ್ಲ. ಸ್ಪೀಕರನ್ನು ಮತ್ತೆ ಮತ್ತೆ ಕೇಳಿಸಿಕೊಂಡೆ. ಎದ್ದೇಳು, ಮಾತ್ರೆ ತಗೋ, ಚಹಾ ಕುಡಿ. ಅಷ್ಟೇ ಇದೆ. ಸ್ಪೀಕರಿನವಳೂ ಸುಳ್ಳು ಹೇಳುತ್ತಾಳೆಯೇ?

ಏಪ್ರಿಲ್ 3, ಗುರುವಾರ

ರಜೆ ಹಾಕಿದೆ. ಬಚ್ಚಲು.

ಏಪ್ರಿಲ್ 4, ಶುಕ್ರವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಇವತ್ತೂ ರಜೆ. ಮಧ್ಯಾಹ್ನ ಕಳೆದು ಯಾರೋ ಬಾಗಿಲು ತಟ್ಟಿದರು. ತೆರೆದರೆ ಹೂಂ ಅಕ್ಕ. ಹೆಗಲಲ್ಲಿ ಸಹಾಯವಾಣಿಯ ಚೀಲ, ಕತ್ತಿನಲ್ಲಿ ಗುರುತಿನ ಚೀಟಿ. ಮಾತಾಡಿಸಿಕೊಂಡು ಹೋಗಲು ಬಂದ ಗೆಳತಿ ಚೀಟಿ ಹಾಕಿಕೊಂಡು ಬರುವುದಿಲ್ಲ.

"ಒಳಗೆ ಬರಬಹುದಾ?" ಎಂದು ಕೇಳಿದರು. ನಮ್ಮ ಮನೆಗೆ ಎಷ್ಟು ಸಲ ಬಂದಿಲ್ಲ, ಹೀಗೆ ಎಂದೂ ಕೇಳಿದವರಲ್ಲ.

ಕೂತರು. ಕೋಣೆಯನ್ನೆಲ್ಲ ನೋಡಿದರು. ಬಾಗಿಲ ಹೊರಗಿನ ಬೀಗವನ್ನೂ ಬರುವಾಗಲೇ ನೋಡಿದ್ದರು. "ಈ ಮನೆಯಿಂದ ನಮಗೆ ಫೋನ್ ಬಂದಿದೆ. ಯಾರು ಮಾಡಿದ್ದು ಅಂತ ಹೇಳೋ ಹಾಗಿಲ್ಲ, ನಿನಗೇ ಗೊತ್ತು. ಒಬ್ಬರು ಕಷ್ಟದಲ್ಲಿದ್ದಾರೆ ಅಂದರು. ನಾನು ನೋಡಲೇಬೇಕು."

ಟೈಲರಮ್ಮ ಸೇಡು ತೀರಿಸಿಕೊಂಡರು ಎಂದುಕೊಂಡೆ. ಸಹಾಯವಾಣಿಯವಳ ಮನೆಯಲ್ಲೇ ಮುದುಕಿಯನ್ನು ಕೂಡಿಹಾಕಿದ್ದಾರೆ. ದೀಪದ ಬುಡದಲ್ಲೇ ಕತ್ತಲು. ಕೆಲಸ ಹೋಗುತ್ತದೆ, ಅಮ್ಮನನ್ನು ಎಲ್ಲಿಗೋ ಕರೆದೊಯ್ಯುತ್ತಾರೆ. ಕರೆದೊಯ್ಯಲಿ ಎಂದು ಒಂದು ಕ್ಷಣ ಅನಿಸಿತು. ಹಾಗೆ ಅನಿಸಿದ್ದಕ್ಕೆ ನನಗೇ ನಾಚಿಕೆಯಾಯಿತು. ಹೇಳಬೇಕಾದ್ದು ಬೇಕಾದಷ್ಟಿತ್ತು. ಬಾಯಿ ತೆರೆದೆ, ಕಾರ್ಖಾನೆಯ ಗೇಟಿನಲ್ಲಿ ಆದದ್ದೇ ಆಯಿತು. ಗಾಳಿ ಮಾತ್ರ ಬಂತು.

ಅಷ್ಟರಲ್ಲಿ ಅಮ್ಮ ಕೋಣೆಯಿಂದ ಹೊರಗೆ ಬಂದಳು. ತಲೆಗೂದಲು ನೀವಿಕೊಂಡು, ಸೆರಗು ಸರಿಮಾಡಿಕೊಂಡು, ಕೈಯಲ್ಲಿ ಆ ಗುಂಡಿ ಮೊಬೈಲು ಹಿಡಿದು.

"ಬಂದ್ರಾ?" ಎಂದಳು ಹೂಂ ಅಕ್ಕನಿಗೆ. "ಸದ್ಯ, ಬಂದ್ರಲ್ಲ. ನಾನೇ ಫೋನ್ ಮಾಡಿದ್ದು."

ಹೂಂ ಅಕ್ಕ ಎದ್ದು ನಿಂತರು. "ನೀವಾ ಅಮ್ಮಾ? ದಿನಾ ಮಾಡ್ತಿದ್ದದ್ದು ನೀವಾ?" ನನ್ನ ಕಡೆ ತಿರುಗಿ, "ಮೊದಲೆರಡು ಸಲ ನೀನೇ ತಮಾಷೆ ಮಾಡ್ತಿದ್ದೀಯ ಅಂದ್ಕೊಂಡೆ ಕಣೇ. ದನಿ ನಿಂದೇ. ಫೋನ್ ಎತ್ತಿದ ಕೂಡಲೇ ನಮ್ಮ ಪ್ರಕಟಣೆ ಪೂರ್ತಿ ಒಪ್ಪಿಸಿ ಆಮೇಲೇ ಮಾತು ಶುರು. ವಿಳಾಸ ಕೇಳಿದ್ರೆ ವ್ಯಾನು ಬರೋ ಬೀದಿ ಅನ್ನೋದು. ನಿನ್ನೆ ಕಿಟಕಿ ಆಚೆ ಹೊಲಿಗೆ ಮಷೀನು ಕಾಣುತ್ತೆ ಅಂದಾಗ ಗೊತ್ತಾಯ್ತು" ಎಂದರು.

ಅಮ್ಮ ನನ್ನ ತೋಳು ಹಿಡಿದು ಮುಂದಕ್ಕೆ ತಂದಳು. "ಇವಳೇ. ನಾನು ಹೇಳಿದ್ದು ಇವಳ ವಿಷಯಾನೇ."

ಈಗ ಹೇಳುತ್ತಾಳೆ ಎಂದುಕೊಂಡೆ. ಕಳ್ಳಿ ಎನ್ನುತ್ತಾಳೆ. ಬೀಗ ಹಾಕುತ್ತಾಳೆ ಎನ್ನುತ್ತಾಳೆ.

"ಯಾರೋ ಏನೋ, ಗೊತ್ತಿಲ್ಲ. ಯಾವಾಗ ಬಂದಳೋ. ಪಾಪ, ಮಾತು ಬರಲ್ಲ ಇವಳಿಗೆ. ನಿಂತುಕೊಂಡೇ ಪಾತ್ರೆಯಿಂದ ಬಳಕೊಂಡು ತಿಂತಾಳೆ, ಅದೂ ಒಂದು ದಿನ ಇದ್ದರೆ ಒಂದು ದಿನ ಇಲ್ಲ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳ್ತಾಳೆ. ದಿನಾ ಅಳ್ತಾಳೆ. ನೀರಿನ ಸದ್ದಿಗೆ ಯಾರಿಗೂ ಕೇಳಲ್ಲ ಅಂದ್ಕೊಂಡಿದ್ದಾಳೆ." ಅಮ್ಮ ನನ್ನ ಮುಂಗೈ ಸವರುತ್ತಿದ್ದಳು. "ನನಗೇನೂ ಬೇಡ. ನನಗೆ ಮಗಳಿದ್ದಾಳೆ, ನೋಡ್ಕೋತಾಳೆ. ಇವಳಿಗೆ ಯಾರೂ ಇಲ್ಲ. ಅದಕ್ಕೇ ಕರೆಸಿದ್ದು."

ಅಳುತ್ತಿದ್ದೆ ಎಂದು ನಾನು ಎಲ್ಲೂ ಬರೆದಿಲ್ಲ. ಈ ಡೈರಿಯಲ್ಲೂ ಬರೆದಿಲ್ಲ. ನನಗೂ ಹೇಳಿಕೊಂಡಿರಲಿಲ್ಲ.

ಹೂಂ ಅಕ್ಕ ಹೂಂ ಎನ್ನಲಿಲ್ಲ. ಚೀಲದಿಂದ ತೆಗೆದ ಕಾಗದ ಪೆನ್ನುಗಳನ್ನು ಪಕ್ಕಕ್ಕಿಟ್ಟು, "ಹೇಳು. ಏನು ಬೇಕು ನಿನಗೆ? ಹಗಲು ಹೊತ್ತಿನಲ್ಲಿ ಅಮ್ಮನ ಹತ್ತಿರ ಇರೋಕೆ ಜನ ಕಳಿಸಬಹುದು. ವಾರಕ್ಕೆ ಎರಡು ದಿನ ನಿನಗೆ ಬಿಡುವು ಕೊಡಿಸಬಹುದು. ಊರಿಗೆಲ್ಲ ಹೇಳಿದವಳು ನೀನು, ನಿನಗೆ ನಾನೇನು ಹೇಳಲಿ? ಆದರೆ ನೀನು ಬಾಯಿಬಿಟ್ಟು ಕೇಳಬೇಕು ಕಣೇ" ಎಂದರು.

ತಲೆಯಾಡಿಸಿದೆ. ಬೇಡ ಎಂದೋ, ಆಗುವುದಿಲ್ಲ ಎಂದೋ ನನಗೇ ತಿಳಿಯಲಿಲ್ಲ.

"ಹೆದರಬೇಡಮ್ಮಾ" ಎಂದಳು ಅಮ್ಮ, ನನ್ನ ಬೆನ್ನ ಮೇಲೆ ಕೈಯಿಟ್ಟು. "ಇವರು ಒಳ್ಳೆಯವರು. ನನ್ನ ಮಗಳ ಕಡೆಯವರು."

ಆಗ ಗಂಟಲಲ್ಲಿ ಏನೋ ಹರಿಯಿತು. "ನನಗೆ ಸಾಕಾಗಿದೆ ಅಕ್ಕಾ" ಎಂದೆ. ಒರಟು ದನಿ, ಕಂಬಳಿಯೊಳಗಿನ ದನಿಯಲ್ಲ. ಅಮ್ಮನ ಕೈ ಎಲ್ಲಿ ನನ್ನ ಕುತ್ತಿಗೆಗೆ ಬರುತ್ತದೋ ಎಂದು ಕಣ್ಣು ಮುಚ್ಚಿಕೊಂಡೆ. ಬರಲಿಲ್ಲ. ಬೆನ್ನ ಮೇಲೇ ಇತ್ತು. "ಅಮ್ಮನ್ನ ಬಿಟ್ಟು ನಾನು ಬದುಕಲ್ಲ. ಅವಳ ಜೊತೆ ಹೀಗೆ ಇದ್ದರೂ ಬದುಕಲ್ಲ" ಎಂದೆ. ಹೇಳುವುದು ಇನ್ನೂ ಇತ್ತು, ಅಳು ನುಗ್ಗಿ ಬಂದು ತಡೆಯಿತು.

ಅಷ್ಟರಲ್ಲಿ ಒಳಗಿನ ಶೆಲ್ಫಿನಿಂದ ಅವಳು ಮಾತಾಡಿದಳು. ಚಹಾದ ಹೊತ್ತಾಗಿತ್ತು. "ಅಮ್ಮಾ, ನಾನು. ಚಹಾ ಆರಿಹೋಗುತ್ತೆ, ಕುಡಿಯಮ್ಮಾ." ಎಷ್ಟು ನಯವಾದ ದನಿ. ಹೂಂ ಅಕ್ಕ ಬೆಚ್ಚಿ, ಮುಚ್ಚಿದ ನನ್ನ ಬಾಯಿಯನ್ನೂ ಆ ಕೋಣೆಯನ್ನೂ ನೋಡಿದರು.

ಆ ದನಿ ಕರೆದರೆ ಅಮ್ಮ ಉಣ್ಣುವ ತಟ್ಟೆ ಬಿಟ್ಟು ಏಳುತ್ತಾಳೆ, ಬರಿಗಾಲಲ್ಲಿ ಸೇತುವೆ ದಾಟುತ್ತಾಳೆ. ಇವತ್ತು ಏಳಲಿಲ್ಲ. ಕೋಣೆಯ ಕಡೆ ಅಂಗೈ ಎತ್ತಿ, ಆಟವಾಡುವ ಮಕ್ಕಳನ್ನು ಗದರುವ ಹಾಗೆ ಗದರಿದಳು.

"ಸ್ವಲ್ಪ ಸುಮ್ಮನಿರೇ ಮಗಳೇ. ಈಯಮ್ಮ ಮಾತಾಡ್ತಿದ್ದಾಳೆ."

ಆಮೇಲೆ ನನ್ನ ಕಡೆ ತಿರುಗಿ ಕೂತು, "ಹೇಳಮ್ಮಾ" ಎಂದಳು.